ಯಾಕೆ ಎಂಬ ಸಾಲು

ವಡಗಾವಿಯಲ್ಲಿ ಪವರ್‌ಲೂಮ್ ಶೆಡ್ಡಿನ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸು. ಕೋಡ್ ಬದಲಿಸಿದಾಗಲೆಲ್ಲ ಏನು ಬದಲಿಸಿದೆವೆಂದು ಜೊತೆಗೊಂದು ಟಿಪ್ಪಣಿ, ಅಂದರೆ ಕಮಿಟ್ ಮೆಸೇಜ್, ಬರೆಯಬೇಕು. ನಾವೆಲ್ಲ 'ಸಣ್ಣ ಬದಲಾವಣೆ' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದೆವು. ಅನುರಾಧಾ ಮಾತ್ರ ಕೆಳಗೆ 'ಯಾಕೆ:' ಎಂದು ಹಾಕಿ ಕಾರಣವನ್ನೂ ಬರೆಯುತ್ತಿದ್ದಳು.

"ಏನ್ ಬದಲಾತು ಅನ್ನೂದು ಕೋಡ್ ಹೇಳ್ತೈತಿ. ಯಾಕ ಅನ್ನೂದು ನಾವು ಹೇಳಬೇಕ್ರಿ," ಎನ್ನುತ್ತಿದ್ದಳು. ಮಾಲೀಕ ರೋಹನ ನಗುತ್ತಿದ್ದ.

ಜಾಂಬೋಟಿ ರಸ್ತೆಯ ಅಪಘಾತದಲ್ಲಿ ಅವಳು ಸತ್ತಳು. ಅದೇ ವಾರ ರೋಹನ, ನಮ್ಮ ಆ್ಯಪ್‌ನಲ್ಲಿ ಅದನ್ನು ತಯಾರಿಸಿದವರ ಹೆಸರುಗಳಿದ್ದ ಪುಟದಿಂದ ಅವಳ ಹೆಸರು ಅಳಿಸಿದ. ಮೆಸೇಜು: 'ಸಣ್ಣ ಬದಲಾವಣೆ'.

ಆಗಲೇ ಕರೆಂಟು ಹೋಯಿತು. ಕೆಳಗೆ ಮಗ್ಗಗಳು ನಿಂತವು. ಆ ಮೌನದಲ್ಲಿ ಅನುರಾಧಾಳ ಖಾಲಿ ಮೇಜಿನ ಕಡೆಯಿಂದ ಟೈಪ್ ಮಾಡುವ ಸದ್ದು ಬಂತು. ಮಟಮಟ ಮಧ್ಯಾಹ್ನ ನನ್ನ ಬೆರಳುಗಳು ಚಳಿಗೆ ಸೆಟೆದುಕೊಂಡವು. ರೋಹನನ ಲ್ಯಾಪ್‌ಟಾಪಿನಲ್ಲಿ ಅವನ ಮೆಸೇಜಿನ ಕೆಳಗೊಂದು ಹೊಸ ಸಾಲು: 'ಯಾಕೆ:'

"ಯಾರ್ರೀ ಇದನ್ನ ಬರದವ್ರು?" ಎಂದ ರೋಹನ.

ಹೆದರಿ ಅವಳ ಹೆಸರನ್ನು ವಾಪಸ್ ಸೇರಿಸಿದ. ಆ ಹೆದರಿಕೆಯಲ್ಲೂ ಬರೆದದ್ದು ಮತ್ತೆ 'ಸಣ್ಣ ಬದಲಾವಣೆ' ಎಂದೇ.

ನಾವು ನೋಡುತ್ತಿದ್ದಂತೆ ಅದರ ಕೆಳಗೂ 'ಯಾಕೆ:' ಮೂಡಿತು. ಬರೆದವರ ಹೆಸರಿನ ಜಾಗದಲ್ಲಿ ರೋಹನನ ಹೆಸರೇ ಇತ್ತು. ಅವನ ಎರಡೂ ಕೈಗಳು ಆಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದವು.