ಮೂರನೇ ಗನ್ನಿಗೆ ಕಟ್ಟಿದ ಚೀಲ

ಹದಿನಾರನೇ ತಾರೀಕು ಭಾನುವಾರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಯ ಬಾಗಿಲಿಗೆ ಒಬ್ಬ ಟ್ಯಾಕ್ಸಿ ಡ್ರೈವರ್ ಬಂದು ನಿಂತ. ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಎಲ್ಲಿ ಹೋಯಿತೆಂಬ ಪರಿವೆ ಅವನಿಗಿದ್ದಂತೆ ಕಾಣಲಿಲ್ಲ.

ಠಾಣೆಯವರೆಲ್ಲ ದಫೇದಾರಮ್ಮ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಕುರ್ಚಿ ಎಳೆದುಕೊಟ್ಟಳು.

"ಬೇಡ ಮೇಡಂ, ಕೂತ್ರೆ ಮತ್ತೆ ಏಳಕ್ಕಾಗಲ್ಲ. ನಿಂತೇ ಹೇಳ್ತೀನಿ."

"ಯಾರ ಮೇಲೆ ದೂರು?"

"ಚಾರ್ಜಿಂಗ್ ಸ್ಟೇಷನ್ ಮೇಲೆ."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟದ್ದು ಹೊರಗೂ ಕೇಳಿಸಿತು. ಎಂಥ ಗೋಳಿನ ಕತೆಯಿದ್ದರೂ ಮಧ್ಯೆ ಕೈ ಎತ್ತಿ "ಪಾಯಿಂಟ್ ಏನು?" ಎನ್ನುವ ಅವರಿಗೆ ಪಾಯಿಂಟ್ ಸಾಹೇಬರೆಂದೇ ಹೆಸರು ಬಿದ್ದಿತ್ತು. ಹೊರಗೆ ಬಂದವರು ಡ್ರೈವರನ ಮುಖ ನೋಡಿ, ಆ ಮಾತನ್ನು ಬಾಯಲ್ಲೇ ನುಂಗಿಕೊಂಡರು.

ಹಿಂದಿನ ದಿನ, ಶನಿವಾರ ಮಧ್ಯಾಹ್ನ ಮೂರಕ್ಕೆ ಅವನ ತಾಯಿಗೆ ಉಸಿರು ಕಟ್ಟಿತು. ಆಂಬುಲೆನ್ಸ್‌ನವರು ನಲವತ್ತು ನಿಮಿಷ ಅಂದರು. ಅವನ ಎಲೆಕ್ಟ್ರಿಕ್ ಕಾರಿನಲ್ಲಿ ಇದ್ದ ಚಾರ್ಜು ನಾಲ್ಕು ಪರ್ಸೆಂಟ್. ಆಸ್ಪತ್ರೆ ಹದಿನೆಂಟು ಕಿಲೋಮೀಟರ್ ದೂರ. ದಾರಿಯಲ್ಲಿ ಒಂದೇ ಚಾರ್ಜಿಂಗ್ ಸ್ಟೇಷನ್, ಅದರಲ್ಲಿ ನಾಲ್ಕು ಯಂತ್ರ.

"ಒಂದನೇದ್ರ ಸ್ಕ್ರೀನೇ ಸತ್ತಿತ್ತು. ಎರಡನೇದಕ್ಕೆ ಯಾರೋ ಕಾರು ಸಿಕ್ಕಿಸಿ ಊಟಕ್ಕೋ ಎಲ್ಲಿಗೋ ಹೋಗಿದ್ರು. ನಾಲ್ಕನೇದಕ್ಕೆ ಹಾಕ್ದೆ. ಹನ್ನೆರಡು ನಿಮಿಷಕ್ಕೆ ಒಂದು ಪರ್ಸೆಂಟ್ ಬಂತು ಮೇಡಂ! ಒಂದೇ ಒಂದು. ಅಮ್ಮ ಹಿಂದಿನ ಸೀಟಲ್ಲಿ ಗೊರಗೊರ ಅಂತಿದ್ಲು."

"ಮೂರನೇದು?"

"ಅದ್ರ ಗನ್ನಿಗೆ, ಅದೇ ಕಾರಿಗೆ ಸಿಕ್ಕಿಸೋ ಪ್ಲಗ್ಗಿಗೆ, ಕಪ್ಪು ಚೀಲ ಕಟ್ಟಿ ಬೋರ್ಡ್ ಹಾಕಿದ್ರು. ಕೆಟ್ಟಿದೆ ಅಂತ. ಆ್ಯಪಲ್ಲಿ ಖಾಲಿ ಇದೆ ಅಂತಾನೇ ತೋರಿಸ್ತಿತ್ತು. ಆ್ಯಪ್ ಯಾವತ್ತು ನಿಜ ಹೇಳಿದೆ ಹೇಳಿ? ನಾನು ಬೋರ್ಡ್ ನಂಬ್ದೆ."

ಐದು ಪರ್ಸೆಂಟಿನಲ್ಲಿ ಹೊರಟ ಕಾರು ಫ್ಲೈಓವರಿನ ನೆತ್ತಿಯಲ್ಲಿ ನಿಂತುಬಿಟ್ಟಿತು. ಆಸ್ಪತ್ರೆಯ ಕಟ್ಟಡ ಎದುರಿಗೇ, ಕೈ ಚಾಚಿದರೆ ಸಿಗುವಂತೆ ಕಾಣುತ್ತಿತ್ತು. ಕೈ ಅಡ್ಡ ಹಾಕಿದರೂ ಒಂದು ವಾಹನವೂ ನಿಲ್ಲಲಿಲ್ಲ. ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತು ಓಡಿದ. ಚಿಕ್ಕವನಿದ್ದಾಗ ತನ್ನನ್ನು ಹೊತ್ತ ಜೀವ ಈಗ ಹತ್ತಿಯಷ್ಟು ಹಗುರವಾಗಿತ್ತಂತೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಕೆಗೆ ಪ್ರಜ್ಞೆ ಇರಲಿಲ್ಲ. ಇನ್ನೂ ಐಸಿಯುನಲ್ಲಿದ್ದಳು.

"ಡಾಕ್ಟ್ರು ಕಾಲು ಗಂಟೆ ಮುಂಚೆ ಬಂದಿದ್ರೆ ಅಂದ್ರು ಸಾರ್. ಆ ಕಾಲು ಗಂಟೆಗೆ ಯಾರಾದ್ರೂ ಉತ್ತರ ಹೇಳ್ಬೇಕಲ್ಲ?"

ಇದು ಕಂಪನಿಯ ಮೇಲೆ ಸಿವಿಲ್ ದಾವೆ ಹೂಡುವ ಸಂಗತಿ, ಠಾಣೆಗೆ ಸಂಬಂಧಿಸಿದ್ದಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಬಹುದಿತ್ತು. ಹೇಳಲಿಲ್ಲ. "ಒಂದ್ಸಲ ಜಾಗ ನೋಡ್ಕೊಂಡು ಬರೋಣ," ಅಂದರು.

ಹನ್ನೆರಡೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಪಕ್ಕದ ಪಂಕ್ಚರ್ ಅಂಗಡಿಯವನು, ಎದುರಿನ ಕನ್ನಡಕದಂಗಡಿಯವಳು. ಕಂಪನಿಯ ಮೆಕ್ಯಾನಿಕ್ ತನ್ನದೇ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ. ಮೂರನೇ ಯಂತ್ರದ ಗನ್ನಿಗೆ ಚೀಲ ಬಿಗಿದು ಕಟ್ಟಿತ್ತು. ದಫೇದಾರಮ್ಮನಿಗೆ ಅಜ್ಜಿ ಹೇಳುತ್ತಿದ್ದ ಕತೆಗಳ ನಿಧಿಯ ಹಂಡೆ ನೆನಪಾಯಿತು. ಅದಕ್ಕೂ ಹೀಗೇ ಬಾಯಿ ಕಟ್ಟಿ, ಮುಟ್ಟಿದವರು ಕೆಟ್ಟರು ಎಂದು ಬರೆದಿರುತ್ತಿತ್ತು. ಬೋರ್ಡಿನ ಅಕ್ಷರಗಳು ಸ್ಕೇಲಿಟ್ಟು ಬರೆದಂತೆ ನೇರ: "ಸೇವೆಯಲ್ಲಿಲ್ಲ. ರಿಪೇರಿ ನಡೆದಿದೆ. ದಯವಿಟ್ಟು ಸಹಕರಿಸಿ."

"ಇದು ನಮ್ಮವ್ರು ಹಾಕಿದ್ದಲ್ಲ," ಎಂದ ಮೆಕ್ಯಾನಿಕ್.

"ಹೇಗೆ ಹೇಳ್ತೀರಿ?"

"ನಮ್ಮ ಯಂತ್ರ ಕೆಟ್ರೆ ಕೆಟ್ಟಂಗೇ ಬಿದ್ದಿರತ್ತೆ ಸಾರ್. ದಯವಿಟ್ಟು ಅಂತೆಲ್ಲ ಬರೆಯೋ ಮರ್ಯಾದೆ ನಮ್ಮ ಕಂಪನೀಲಿ ಯಾರಿಗೂ ಇಲ್ಲ."

ಅವನು ಚೀಲ ಬಿಚ್ಚಿ ಗನ್ನನ್ನು ತನ್ನ ಕಾರಿಗೆ ಸಿಕ್ಕಿಸಿದ. ಟಕ್ ಎಂದಿತು. ಯಂತ್ರ ಗುಂಯ್ ಎನ್ನತೊಡಗಿತು. ಪರದೆಯ ಮೇಲೆ ಅಂಕಿ ಏರಿತು: ಇಪ್ಪತ್ತು, ನಲವತ್ತು, ಅರವತ್ತು ಕಿಲೋವ್ಯಾಟ್.

ಟ್ಯಾಕ್ಸಿ ಡ್ರೈವರ್ ಪರದೆಯ ಮುಂದೆ ಕುಸಿದು ಕೂತ. ಏಳಿಸಲು ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ ಉದ್ದಣ್ಣನೇ ಬೇಕಾಯಿತು.

"ಇದು ಚೆನ್ನಾಗಿದ್ಯಲ್ರೀ!" ಎಂದ ಪಂಕ್ಚರ್ ಅಂಗಡಿಯವನು. "ಮತ್ತೆ ವಾರವಾರ ರಿಪೇರಿಯವ್ನು ಬಂದು ಏನ್ ಕಿಸೀತಿದ್ದ?"

ದಫೇದಾರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಯಾವ ರಿಪೇರಿಯವ್ನು?"

"ಬೂದಿ ಬಣ್ಣದ ಯೂನಿಫಾರ್ಮು, ಕೈಲಿ ಟೂಲ್ ಬಾಕ್ಸು. ಶನಿವಾರ ಶನಿವಾರ ಬೆಳಗ್ಗೆ ಬರ್ತಾನೆ. ಚೀಲ ಬಿಚ್ಚಿ, ಅವನ ಕಾರಿಗೇ ಹಾಕಿ ಟೆಸ್ಟ್ ಮಾಡಿ, ಮತ್ತೆ ಚೀಲ ಕಟ್ಟಿ ಹೋಗ್ತಾನೆ. ಪಾಪ, ಇಷ್ಟು ದಿನ ಆದ್ರೂ ರಿಪೇರಿ ಆಗ್ಲಿಲ್ವಲ್ಲ ಅಂತ ನಾನೇ ಒಂದಿನ ಟೀ ಕೊಡಿಸಿದ್ದೀನಿ!"

"ಕ್ಯಾಮೆರಾ ಇದ್ಯಾ ಇಲ್ಲಿ?"

"ಇದೆ," ಎಂದ ಮೆಕ್ಯಾನಿಕ್ ತಲೆ ಕೆರೆದುಕೊಳ್ಳುತ್ತ. "ಅದು ಮಾತ್ರ ನಿಜವಾಗ್ಲೂ ಕೆಟ್ಟಿದೆ."

ಸಂಜೆ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಹದಿನೆಂಟನೇ ತಾರೀಕು ಮಂಗಳವಾರ ಕಂಪನಿಯಿಂದ ಯಂತ್ರದ ದಾಖಲೆ ಬಂತು. ಪಂಚನಾಮೆಗೆ ಹಿಂದಿನ ಏಳು ವಾರದಲ್ಲಿ ಮೂರನೇ ಯಂತ್ರಕ್ಕೆ ಏಳೇ ಸಲ ಕಾರು ಸೇರಿತ್ತು. ಏಳೂ ಶನಿವಾರ. ಏಳೂ ಸಲ ಬೆಳಗ್ಗೆ ಒಂಬತ್ತರಿಂದ ಒಂಬತ್ತೂ ಮುಕ್ಕಾಲಿನ ಒಳಗೆ. ಬಳಸಿದ್ದು ಅಂಗಡಿಯಲ್ಲಿ ಸಿಗುವ, ಹೆಸರಿಲ್ಲದ ಕಾರ್ಡು. ಏಳು ವಾರ, ದಿನಕ್ಕೆ ಐವತ್ತು ಅರವತ್ತು ಕಾರುಗಳು ಬಂದು ಸರದಿ ನಿಂತ ಜಾಗದಲ್ಲಿ, ಒಬ್ಬನೇ ಒಬ್ಬ ಚೀಲ ಬಿಚ್ಚಿ ನೋಡಿರಲಿಲ್ಲ. ಒಳ್ಳೆಯ ಯಂತ್ರಗಳಿಂದಲೇ ಅಷ್ಟು ಸಲ ಪೆಟ್ಟು ತಿಂದವರಿಗೆ, ಕೆಟ್ಟಿದೆ ಎಂಬ ಮಾತೊಂದೇ ಪೂರ್ತಿ ನಂಬಿಕೆಗೆ ಅರ್ಹವಾಗಿ ಕಂಡಿತ್ತು.

ಬೋರ್ಡಿನ ಪ್ಲಾಸ್ಟಿಕ್ ಹೊದಿಕೆಯನ್ನು ದಫೇದಾರಮ್ಮ ಬ್ಲೇಡಿನಿಂದ ಬಿಡಿಸಿದಳು. ಒಳಗಿನ ಕಾಗದವನ್ನು ತಿರುಗಿಸಿದಾಗ ಹಿಂಬದಿಯಲ್ಲಿ ಅಚ್ಚಾದ ಫಾರಂ ಇತ್ತು. ಮಕ್ಕಳ ಭೇಟಿ ಕೇಂದ್ರ. ಪೋಷಕರು ಬಂದ ಸಮಯ. ತಡವಾಗಿದ್ದರೆ ಕಾರಣ.

ಬುಧವಾರ ಅವಳು ಮತ್ತು ಉದ್ದಣ್ಣ ಜೀಪಿನಲ್ಲಿ ಎಪ್ಪತ್ತು ಕಿಲೋಮೀಟರ್ ಹೋದರು. ಬೇರೆಯಾದ ದಂಪತಿಗಳ ಮಕ್ಕಳನ್ನು ಕೋರ್ಟಿನ ಆದೇಶದಂತೆ ತಂದೆಗೋ ತಾಯಿಗೋ ತೋರಿಸುವ ಜಾಗ ಅದು. ಗೋಡೆಗೆ ಹಳದಿ ಬಣ್ಣ, ಪುಟ್ಟ ಕುರ್ಚಿಗಳು, ಎಲ್ಲರ ತಲೆಯ ಮೇಲೂ ದೊಡ್ಡದೊಂದು ಗಡಿಯಾರ. ತಡಕ್ಕೆ ಚಾರ್ಜಿಂಗ್ ಕಾರಣ ಬರೆದವರಿದ್ದಾರಾ ಎಂದು ದಫೇದಾರಮ್ಮ ಕೇಳಿದ್ದಕ್ಕೆ ಗುಮಾಸ್ತೆ ರಿಜಿಸ್ಟರ್ ತಿರುವಿದಳು.

"ಚಾರ್ಜಿಂಗಾ? ಹಾಂ, ಒಬ್ರಿದ್ದಾರೆ. ಲಿಫ್ಟ್ ಮೆಕ್ಯಾನಿಕ್ಕು. ಶನಿವಾರ ಹನ್ನೊಂದರಿಂದ ಹನ್ನೆರಡು, ಏಳು ವರ್ಷದ ಮಗಳು. ಎರಡು ಸಲ ತಪ್ಪಿಸಿದ್ದಾರೆ. ಮೊದಲ್ನೇದು, ಚಾರ್ಜರ್ ನಿಧಾನ. ಎರಡನೇದು, ಗನ್ ಕಾರಲ್ಲೇ ಕಚ್ಕೊಂಡು ಒಂದೂವರೆ ಗಂಟೆ ಬಿಡ್ಲಿಲ್ಲ ಅಂತೆ. ಹತ್ತು ನಿಮಿಷ ದಾಟಿದ್ರೆ ಮಗೂನ ವಾಪಸ್ ಕಳಿಸ್ಬೇಕು, ನಂಗೆ ಬೇರೆ ದಾರಿ ಇಲ್ಲ."

"ಮೂರನೇ ಸಲ ತಪ್ಪಿದ್ರೆ?"

"ಭೇಟಿನೇ ನಿಂತೋಗತ್ತೆ. ಮತ್ತೆ ಕೋರ್ಟಿಗೆ ಹೋಗಿ, ವರ್ಷಗಟ್ಲೆ ಅಲೀಬೇಕು." ಗುಮಾಸ್ತೆ ದನಿ ತಗ್ಗಿಸಿದಳು. "ಆದ್ರೆ ಈಚೆಗೆ ಒಂದ್ಸಲಾನೂ ತಡ ಆಗಿಲ್ಲ ನೋಡಿ. ಹತ್ತು ನಿಮಿಷ ಮುಂಚೇನೇ ಬಂದು ಬಾಗಿಲಲ್ಲಿ ನಿಂತಿರ್ತಾರೆ."

ವಿಳಾಸ ಸಿಕ್ಕಿತು. ಆದರೆ ಮನೆಗೆ ಬೀಗ. ಅವನು ಊರೂರು ತಿರುಗುವ ಕೆಲಸದಲ್ಲಿದ್ದ. ಫೋನ್ ಮಾಡಿ ಎಚ್ಚರಿಸುವುದು ಬೇಡ ಎಂದರು ಇನ್‌ಸ್ಪೆಕ್ಟರ್.

ಗುರುವಾರ ಸಂಜೆ ಆರೂ ಹತ್ತಕ್ಕೆ ಟ್ಯಾಕ್ಸಿ ಡ್ರೈವರನ ತಾಯಿ ತೀರಿಕೊಂಡಳು. ಪ್ರಕರಣದ ಸೆಕ್ಷನ್ ಬದಲಾಯಿತು.

ಶುಕ್ರವಾರ ದಫೇದಾರಮ್ಮ ಫೈಲ್ ಹಿಡಿದು ಇನ್‌ಸ್ಪೆಕ್ಟರರ ಮೇಜಿನ ಮುಂದೆ ನಿಂತಳು.

"ಸಾರ್, ನಾಳೆ ಹೇಗೂ ಅವನು ಕೇಂದ್ರಕ್ಕೆ ಹೋಗ್ತಾನೆ. ಹನ್ನೆರಡು ಗಂಟೆ ಆದ್ಮೇಲೆ ಅಲ್ಲೇ ಹಿಡಿದ್ರೆ?"

"ಮಗಳ ಮುಂದೆ ಬೇಡಿ ಹಾಕೋದಾ?"

"ಅವಳು ಹೋದ್ಮೇಲೆ."

"ಆ ಒಂದು ಗಂಟೇಲಿ ಅವನು ಹಿಂಬಾಗಿಲಿಂದ ಹೋದ್ರೆ? ಮಗೂನೇ ಎತ್ಕೊಂಡು ಹೋದ್ರೆ?" ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಆ ಡ್ರೈವರ್ ಗಂಟೆಗೊಂದ್ಸಲ ಫೋನ್ ಮಾಡ್ತಾನಮ್ಮಾ. ಏನೂ ಮಾತಾಡಲ್ಲ. 'ಸಿಕ್ಕಿದ್ನಾ ಸಾರ್' ಅಂತ ಕೇಳಿ ಇಟ್ಬಿಡ್ತಾನೆ. ಗೊತ್ತಿದ್ದೂ ಬಿಟ್ಟಿದ್ದೆ ಅಂತ ಅವನಿಗೆ ಹೇಗೆ ಹೇಳ್ಲಿ?"

ಅವಳು ಫೈಲನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಇಪ್ಪತ್ತೆರಡನೇ ತಾರೀಕು ಶನಿವಾರ. ಬೆಳಗ್ಗೆ ಎಂಟರಿಂದಲೇ ಮಫ್ತಿಯಲ್ಲಿ ಕಾದರು. ಪಂಚನಾಮೆಯ ನಂತರ ಅದೇ ಥರದ ಚೀಲ, ಬೋರ್ಡು ಮತ್ತೆ ಕಟ್ಟಿಸಿಟ್ಟಿದ್ದರು. ಉದ್ದಣ್ಣ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೀರಿಗದ್ದುತ್ತ ಕೂತಿದ್ದ. ಅವನಿಗಿಂತ ಆ ಕೆಲಸ ಬಲ್ಲ ಅಂಗಡಿಯವನು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ. ಉಳಿದ ಯಂತ್ರಗಳ ಮುಂದೆ ಆಗಲೇ ಒಂಬತ್ತು ಕಾರು. ಒಬ್ಬಾಕೆ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದಳು. ಇನ್ನೊಬ್ಬ ಸಹಾಯವಾಣಿಗೆ ಫೋನ್ ಹಚ್ಚಿ ಇಪ್ಪತ್ತು ನಿಮಿಷದಿಂದ ಅದರ ಸಂಗೀತ ಕೇಳುತ್ತಿದ್ದ.

ಒಂಬತ್ತು ಹತ್ತಕ್ಕೆ ಹಳೆಯ ನೀಲಿ ಕಾರೊಂದು ಬಂತು. ಇಳಿದವನಿಗೆ ನಲವತ್ತು ದಾಟಿತ್ತು. ಬೂದಿ ಯೂನಿಫಾರ್ಮಿಗೆ ನೀಟಾಗಿ ಇಸ್ತ್ರಿ. ಹಿಂದಿನ ಸೀಟಿನಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ. ಅವನು ಸರದಿಯಲ್ಲಿದ್ದವರತ್ತ ನೋಡದೆ ಚೀಲ ಬಿಚ್ಚಿದ, ಗನ್ ಸಿಕ್ಕಿಸಿದ. ಅದು ಟಕ್ ಎಂದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿ ನಿಂತ.

"ಚಾರ್ಜ್ ಎಷ್ಟಿದೆ?" ಎಂದಳು ದಫೇದಾರಮ್ಮ ಪಕ್ಕಕ್ಕೆ ಬಂದು.

"ಒಂಬತ್ತು." ತಿರುಗಿ ನೋಡಿದ. ಹಿಂದೆ ಇನ್‌ಸ್ಪೆಕ್ಟರ್, ಕೈಯಲ್ಲಿ ಬೇಡಿ ಹಿಡಿದ ಉದ್ದಣ್ಣ. ಓಡಲಿಲ್ಲ. ಕೈಗಡಿಯಾರ ನೋಡಿಕೊಂಡ.

"ಮೇಡಂ, ಹನ್ನೆರಡು ಗಂಟೆ ತನಕ ಟೈಮ್ ಕೊಡಿ. ನಿಮ್ಮ ಜೀಪಲ್ಲೇ ಕರ್ಕೊಂಡು ಹೋಗಿ. ಬೇಡಿ ಹಾಕಿ, ಮೇಲೆ ಟವೆಲ್ ಹೊದ್ಕೊತೀನಿ. ನಿಮ್ಮ ಕಾಲಿಗೆ ಬೀಳ್ತೀನಿ."

ಇನ್‌ಸ್ಪೆಕ್ಟರ್ ದಫೇದಾರಮ್ಮನ ಮುಖ ನೋಡಲಿಲ್ಲ. "ನಡಿಯಪ್ಪ," ಅಂದರು.

ಬಂಧನದ ಸಮಯ ಒಂಬತ್ತು ಹದಿನೆಂಟು. ಠಾಣೆಯಲ್ಲಿ ಹತ್ತಕ್ಕೆ ಹೇಳಿಕೆ ಬರೆದುಕೊಳ್ಳತೊಡಗಿದರು.

"ಬಸ್ಸಲ್ಲಿ ಹೋಗ್ಬಹುದಿತ್ತಲ್ಲ?"

"ಮೊದಲ ಬಸ್ಸು ಮುಟ್ಟೋದು ಹನ್ನೊಂದೂ ಮುಕ್ಕಾಲಿಗೆ ಸಾರ್. ಕಾರು ಸೆಕೆಂಡ್ ಹ್ಯಾಂಡು, ಬ್ಯಾಟರಿ ಸುಸ್ತಾಗಿದೆ. ಮಧ್ಯ ಒಂದ್ಸಲ ಚಾರ್ಜ್ ಮಾಡ್ಲೇಬೇಕು. ಇರೋದು ಅದೊಂದೇ ಜಾಗ."

"ಬೋರ್ಡ್ ಹಾಕೋ ಉಪಾಯ ಯಾರು ಹೇಳ್ಕೊಟ್ರು?"

"ಯಾರು ಹೇಳ್ಕೊಡ್ಬೇಕು? ಹದಿನೆಂಟು ವರ್ಷದಿಂದ ಲಿಫ್ಟಿಗೆ ಬೋರ್ಡ್ ಹಾಕೋದೇ ನನ್ನ ಕೆಲಸ. ಬೋರ್ಡ್ ನೋಡಿದ್ಮೇಲೂ ಬಟನ್ ಒತ್ತಿದವರನ್ನ ನಾನು ಒಬ್ಬರನ್ನೂ ನೋಡಿಲ್ಲ. ಹತ್ತನೇ ಮಹಡಿ ಆದ್ರೂ ಮೆಟ್ಲು ಹತ್ತಿ ಹೋಗ್ತಾರೆ."

"ನಿನ್ನ ಕೆಲಸ ಆದ್ಮೇಲೆ ತೆಗೀಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಮೊದಲ್ನೇ ವಾರ ತೆಗೆದೆ. ಮುಂದಿನ ಶುಕ್ರವಾರ ಮತ್ತೆ ಕಟ್ಟಕ್ಕೆ ಬರೋಕಾಗ್ಲಿಲ್ಲ. ಶನಿವಾರ ನೋಡಿದ್ರೆ ಐದು ಕಾರು. ಕಾಲು ಹಿಡಿದು ಬೇಡ್ಕೊಂಡು ಸರದಿ ತಗೊಂಡೆ. ಬಾಗಿಲು ಮುಚ್ಚೋಕೆ ಒಂದು ನಿಮಿಷ ಇದ್ದಾಗ ಮುಟ್ಟಿದೆ. ಅವತ್ತು ಕಟ್ಟಿದ್ದನ್ನ ಆಮೇಲೆ ಏಳು ವಾರ ತೆಗೀಲಿಲ್ಲ."

ಬಾಗಿಲಲ್ಲಿ ಟ್ಯಾಕ್ಸಿ ಡ್ರೈವರ್ ನಿಂತಿದ್ದ. ಯಾವಾಗ ಬಂದನೋ ಯಾರೂ ಗಮನಿಸಿರಲಿಲ್ಲ. ಉದ್ದಣ್ಣ ಅಡ್ಡ ಬಂದ. "ಹೊಡಿಯಕ್ಕೆ ಬಂದಿಲ್ಲ ಬಿಡಿ," ಎಂದು ಅವನನ್ನು ಸರಿಸಿ ಡ್ರೈವರ್ ಒಂದೇ ಪ್ರಶ್ನೆ ಕೇಳಿದ: "ಅವತ್ತು ನಾನು ಆ ಚೀಲ ಬಿಚ್ಚಿದ್ರೆ, ಆಸ್ಪತ್ರೆ ಮುಟ್ಟೋಷ್ಟು ಚಾರ್ಜ್ ಆಗಕ್ಕೆ ಎಷ್ಟೊತ್ತು ಬೇಕಿತ್ತು?"

ಲಿಫ್ಟ್ ಮೆಕ್ಯಾನಿಕ್ ಅವನ ಮುಖ ನೋಡಿದ. ಸುಳ್ಳು ಹೇಳಬಹುದಿತ್ತು.

"ಐದಾರು ನಿಮಿಷ," ಎಂದ.

ಡ್ರೈವರ್ ಗೋಣು ಆಡಿಸಿ, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ.

ಹನ್ನೊಂದು ಹನ್ನೊಂದಕ್ಕೆ ಮೇಜಿನ ಮೇಲಿದ್ದ, ಜಪ್ತಿ ಮಾಡಿದ ಫೋನ್ ಹೊಡೆದುಕೊಂಡಿತು. ಭೇಟಿ ಕೇಂದ್ರದ ನಂಬರು. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಅಪ್ಪಣೆ ಕೊಟ್ಟರು. ದಫೇದಾರಮ್ಮ ಸ್ಪೀಕರ್ ಹಾಕಿ ಅವನ ಮುಂದೆ ಹಿಡಿದಳು. ಗುಮಾಸ್ತೆ ಇರಬಹುದು ಎಂದುಕೊಂಡಿದ್ದಳು.

"ಅಪ್ಪಾ, ಎಷ್ಟು ಪರ್ಸೆಂಟ್ ಆಯ್ತು?"

ಅವನು ಫೋನಿನ ಹತ್ತಿರಕ್ಕೆ ಬಾಗಿದ.

"ಅಪ್ಪಾ? ಆಂಟಿ ಇನ್ನು ಬಾಗಿಲು ಹಾಕ್ತಾರಂತೆ. ಚಾರ್ಜರ್ ಕೆಟ್ಟೋಯ್ತಾ?"

"ಇಲ್ಲ ಪುಟ್ಟಿ," ಎಂದ ಅವನು. "ಚಾರ್ಜರ್ ಚೆನ್ನಾಗೇ ಇದೆ. ನಾನೇ ಒಂದು ದೊಡ್ಡ ತಪ್ಪು ಮಾಡ್ಬಿಟ್ಟೆ. ಅಮ್ಮನ ಜೊತೆ ಮನೆಗೆ ಹೋಗು."

"ಮುಂದಿನ ಶನಿವಾರ ಬರ್ತೀಯ ತಾನೆ?"

ಹೊರಗಿನ ಬೆಂಚು ಕಿರ್ರೆಂದಿತು. ಡ್ರೈವರ್ ಎದ್ದು, ಅಂಗಳ ದಾಟಿ, ಗೇಟಿನ ಆಚೆ ನಡೆದುಹೋದ.

ಸಂಜೆ ದಫೇದಾರಮ್ಮ ಕೇಸ್ ಡೈರಿ ಬರೆಯಲು ಕೂತಳು. ಬಂಧನದ ಸ್ಥಳ, ವೇಳೆ, ಜಪ್ತಿ ಮಾಡಿದ ವಸ್ತುಗಳು: ಕಾರು ಒಂದು, ಟೂಲ್ ಬಾಕ್ಸ್ ಒಂದು, ಫೋನ್ ಒಂದು, ಬಣ್ಣದ ಪೆನ್ಸಿಲ್ ಡಬ್ಬಿ ಒಂದು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಎರಡು ಸಲ ಬರೆದು ಹೊಡೆದುಹಾಕಿದಳು. ಕೊನೆಗೆ ಹೀಗೆ ಬರೆದಳು: ಆರೋಪಿಗೆ ಮೃತಳ ಮೇಲಾಗಲಿ, ಆಕೆಯ ಮಗನ ಮೇಲಾಗಲಿ ಯಾವುದೇ ದ್ವೇಷವಿರಲಿಲ್ಲ. ವಾರಕ್ಕೆ ಒಂದು ಗಂಟೆ ತನ್ನ ಮಗಳನ್ನು ನೋಡಲು ಸಮಯಕ್ಕೆ ಸರಿಯಾಗಿ ತಲುಪುವುದೇ ಉದ್ದೇಶವಾಗಿತ್ತು.