ತೆಳ್ಳನೆಯ ಕಾದಂಬರಿಗೆ ಎತ್ತಿದ ಕೈ

ಎವೇಲಿಯೊ ತೆಳ್ಳನೆಯ ಕಾದಂಬರಿಗೆ ಕೈ ಎತ್ತಿದ.

ಇಡಾನಿಯಾಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕಟ್ಟೆಯ ಮೇಲೆ ನಿಂತು ಕೈಗಳನ್ನು ಎಣಿಸುತ್ತಿದ್ದವಳು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ, ಆ ಉದ್ದನೆಯ ಕೈ ಇನ್ನೂ ಮೇಲೇ ಇತ್ತು. ಅವನು ಮಾತ್ರ ಅವಳ ಕಡೆ ನೋಡದೆ ಹಲಗೆಯ ಮೇಲಿನ ಹೊಗೆಸೊಪ್ಪನ್ನು ನೋಡುತ್ತಿದ್ದ.

ಹವಾನಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಊರಿನ ಆ ಸಿಗಾರ್ ಕಾರ್ಖಾನೆಯಲ್ಲಿ ಇಡಾನಿಯಾಳ ಕೆಲಸ ಓದುವುದು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಸಾಲುಸಾಲು ಜನ ಎಲೆ ಸುತ್ತುತ್ತ ಕೇಳುತ್ತಾರೆ. ಯಾವ ಕಾದಂಬರಿ ಎಂದು ತೀರ್ಮಾನಿಸುವವರು ಮ್ಯಾನೇಜರ್ ಅಲ್ಲ, ಸುತ್ತುವವರೇ. ಒಂದು ಮುಗಿದ ಕೂಡಲೇ ಅವಳು ಮೂರು ಹೊಸ ಪುಸ್ತಕ ಮುಂದಿಟ್ಟು ಮೊದಲ ಪುಟ ಓದುತ್ತಾಳೆ, ಅವರು ಕೈ ಎತ್ತುತ್ತಾರೆ. ಈಚೆಗೆ ಪ್ರೇಮದ ಕಥೆ ಬಿಟ್ಟು ಬೇರೇನೂ ಗೆದ್ದದ್ದಿಲ್ಲ. ಅರ್ಧ ದಿನ ಕರೆಂಟಿಲ್ಲದ, ಅನ್ನಕ್ಕೆ ಬೀನ್ಸ್ ಸಿಗದ ಊರಿನಲ್ಲಿ ಜನ ಇನ್ನೇನನ್ನು ಕೇಳಬೇಕು ಹೇಳಿ.

ಪುಸ್ತಕಗಳು ಬರುತ್ತಿದ್ದದ್ದು ಹೊರದೇಶದ ನೆಂಟರ ಸೂಟ್‌ಕೇಸಿನಲ್ಲಿ, ಸೋಪು ಮಾತ್ರೆಗಳ ನಡುವೆ. ಎವೇಲಿಯೊನ ಅಣ್ಣನೊಬ್ಬ ಟ್ಯಾಂಪಾದಲ್ಲಿದ್ದ. ಅವನು ಕಳಿಸಿದ್ದನ್ನು ಎವೇಲಿಯೊ ಮೊದಲು ತಾನು ಓದಿ, ಊಟದ ಹೊತ್ತಿಗೆ ಕಟ್ಟೆಯ ಬಳಿ ಬಂದು ಅವಳಿಗೆ ಶಿಫಾರಸು ಮಾಡುತ್ತಿದ್ದ. ಶಿಫಾರಸು ಎಂಬುದು ಹೆಸರಿಗೆ, ನಡೆಯುತ್ತಿದ್ದದ್ದು ಜಗಳ.

“ಇದನ್ನ ಓದಿ, ‘ಉಪ್ಪಿನ ಬಂದರಿನ ಒಡತಿ’. ಇನ್ನೂರು ವರ್ಷದ ಹಿಂದಿನ ಕಥೆ. ಹಡಗು, ಜ್ವರ, ಎರಡು ಕೊಲೆ. ಒಬ್ಬರ ಕೈ ಒಬ್ಬರು ಮುಟ್ಟೋಕೇ ಮುನ್ನೂರು ಪುಟ ತಗೊಳ್ತಾರೆ.”

“ಅಷ್ಟೊತ್ತಿಗೆ ಆ ಕೈ ಸುಕ್ಕುಗಟ್ಟಿರುತ್ತೆ.”

“ಕಾಯೋದ್ರಲ್ಲೇ ಇರೋದು ಮಜಾ, ಇಡಾನಿಯಾ. ನಿಮ್ಮ ಈಗಿನ ಕಾಲದ ಕಥೆಗಳಲ್ಲಿ ಲಿಫ್ಟು ಕೆಟ್ಟು ನಿಲ್ಲುತ್ತೆ, ಸರಿಹೋಗೋದ್ರೊಳಗೆ ಮದುವೆ ನಿಶ್ಚಯ.”

“ನಿಮಗೆ ಕಾಯೋದು ಬಿಟ್ರೆ ಇನ್ನೇನೂ ಬರಲ್ಲ ಅಂತ ಕಾಣುತ್ತೆ.”

ಹೀಗೆಂದಾಗ ಅವನು ನಗುತ್ತಿರಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ, ತನ್ನ ನೋಟವನ್ನು ಅವಳ ಕಣ್ಣಿನಿಂದ ತುಟಿಯವರೆಗೂ ತಂದು, ಅಲ್ಲಿಂದ ಚಕ್ಕನೆ ಕೈಯಲ್ಲಿದ್ದ ಪುಸ್ತಕಕ್ಕೆ ಇಳಿಸುತ್ತಿದ್ದ. ನಲವತ್ತು ದಾಟಿದ, ಗಂಡ ಎಂದೋ ಬೇರೆ ಸಂಸಾರ ಹೂಡಿದ ಹೆಂಗಸು ಇಡಾನಿಯಾ. ಅಷ್ಟು ನೋಟಕ್ಕೆ ಮಧ್ಯಾಹ್ನವಿಡೀ ಮೈ ಬೆಚ್ಚಗಿರುತ್ತಿತ್ತು.

ತೆಳ್ಳನೆಯ ಪುಸ್ತಕವನ್ನೂ ತಂದುಕೊಟ್ಟವನು ಅವನೇ. ‘ಎರಡನೇ ಮಹಡಿಯ ಬಾಡಿಗೆದಾರ’ ಎಂದು ಹೆಸರು. ಮ್ಯಾಡ್ರಿಡ್‌ನ ಔಷಧಿ ಅಂಗಡಿಯ ಬೆಯಾತ್ರಿಸ್, ಅವಳ ಮನೆಯ ಮೇಲೆ ಪಿಟೀಲು ರಿಪೇರಿ ಮಾಡುವ ಬಾಡಿಗೆದಾರ. “ಕಾಫಿ ಆರೋದ್ರೊಳಗೆ ಮುಗಿಯುತ್ತೆ. ನಿಮಗಿಷ್ಟ ಆಗ್ಬಹುದು. ನಾನಂತೂ ಇಂಥದ್ದಕ್ಕೆ ಸತ್ರೂ ಕೈ ಎತ್ತಲ್ಲ,” ಎಂದಿದ್ದ. ಅವನು ಸದಾ ದಪ್ಪ ಪುಸ್ತಕದ ಪಕ್ಷ. ಎಷ್ಟು ದಪ್ಪವಿದ್ದರೆ ಅಷ್ಟು ಎತ್ತರಕ್ಕೆ ಅವನ ಕೈ.

ಅಂಥವನು ಈಗ ಕೈ ಎತ್ತಿದ್ದ. ಒಂದು ಮತದಿಂದ ತೆಳ್ಳನೆಯದು ಗೆದ್ದಿತು. ಇಡಾನಿಯಾಳಿಗೆ ಆಗ ಹೊಳೆಯಿತು. ದಪ್ಪ ಪುಸ್ತಕದ ಕೊನೆ ಕೇಳುವಷ್ಟು ದಿನ ಇವನು ಇಲ್ಲಿರುವುದಿಲ್ಲ.

ಆ ಊರಿನಲ್ಲಿ ಹೋಗುವವರು ಹೇಳಿ ಹೋಗುವುದಿಲ್ಲ. ಹೇಳಿದರೆ ಯಾರದೋ ಕಣ್ಣು ಬಿದ್ದು ಪ್ರಯಾಣವೇ ನಿಲ್ಲುತ್ತದೆ ಎಂದು ಎಲ್ಲರೂ ನಂಬಿದ್ದರು. ಉಳಿದವರೂ ಕೇಳುವುದಿಲ್ಲ. ಒಂದು ಬೆಳಿಗ್ಗೆ ಬೆಂಚು ಖಾಲಿಯಿರುತ್ತದೆ, ಹಲಗೆ ಒರೆಸಿಟ್ಟಿರುತ್ತದೆ, ಅಷ್ಟೇ. ಕಟ್ಟೆಯ ಮೇಲಿಂದ ನೋಡುವವಳಿಗೆ ಖಾಲಿ ಬೆಂಚುಗಳು ಎಲ್ಲರಿಗಿಂತ ಚೆನ್ನಾಗಿ ಕಾಣುತ್ತವೆ.

ಸಂಜೆ ಮನೆಗೆ ಹೋಗುವ ಲಾರಿಗೆ ಇಡಾನಿಯಾ ಕಾಯುತ್ತಿದ್ದಾಗ ಮಿಗ್ದಾಲಿಯಾ ಬಂದು ಪಕ್ಕದಲ್ಲಿ ನಿಂತಳು. ಅರವತ್ತರ ಹೆಂಗಸು, ಎವೇಲಿಯೊನ ಪಕ್ಕದ ಬೆಂಚಿನವಳು, ಬಾಯಿಗೆ ಬೀಗವಿಲ್ಲದವಳು.

“ಯಾಕೇ ಮಗಳೇ, ಮುಖ ಹಿಂಗಿಟ್ಕೊಂಡಿದೀಯ? ನಿನ್ನಿಷ್ಟದ ಪುಸ್ತಕಾನೇ ಗೆದ್ದಿದೆಯಲ್ಲ.”

“ಅವನು ಯಾವಾಗ ಹೋಗ್ತಿದಾನೆ?”

“ಯಾರು?”

“ನಾಟಕ ಬೇಡ, ಮಿಗ್ದಾಲಿಯಾ.”

ಮುದುಕಿ ಸುತ್ತ ನೋಡಿ ದನಿ ತಗ್ಗಿಸಿದಳು. “ಇಂಥ ಮಾತು ಆಡಬಾರದು ಕಣೇ, ದೃಷ್ಟಿಯಾಗುತ್ತೆ. ಅವನ ಹೆಂಡ್ತಿಯಾಗಿದ್ದೋಳು ಮಗೂನ ಕರ್ಕೊಂಡು ಸ್ಪೇನಿಗೆ ಹೋಗಿದ್ಲಲ್ಲ, ತೀರ್ಕೊಂಡ್ಲಂತೆ. ರಸ್ತೆ ದಾಟುವಾಗ. ಆ ಮಗು ಲೀಸೆಟ್‌ಗೆ ಇನ್ನೂ ಒಂಬತ್ತು ವರ್ಷ. ಅನಾಥ ಮಕ್ಕಳ ಜೊತೆ ಇಟ್ಟಿದಾರೆ. ಅಪ್ಪ ಹೋಗಿ ಬಿಡಿಸ್ಕೊಳ್ದಿದ್ರೆ ಯಾರಿಗೋ ಸಾಕೋಕೆ ಕೊಟ್ಬಿಡ್ತಾರೆ. ವೀಸಾ ಬಂದಿದೆ, ಅದೂ ಮಗಳ ದೆಸೆಯಿಂದ. ಇನ್ನು ನನ್ನ ಏನೂ ಕೇಳಬೇಡ, ನಾನೇನೂ ಹೇಳಿಲ್ಲ.”

ಲಾರಿ ಬಂತು. ಇಡಾನಿಯಾ ಹತ್ತಲಿಲ್ಲ, ಮನೆಯವರೆಗೂ ನಡೆದೇ ಹೋದಳು. ವೀಸಾ ಸಿಗುವುದು ನೆಂಟಸ್ತಿಕೆಯಿಂದ; ಅವಳಿಗೆ ಸ್ಪೇನಿನಲ್ಲಿ ಅಜ್ಜ ಇರಲಿಲ್ಲ, ಮಗಳು ಇರಲಿಲ್ಲ, ಯಾರೂ ಇರಲಿಲ್ಲ. ಅವನ ಹಿಂದೆ ಹೋಗುವ ದಾರಿ ಅವಳಿಗೆ ಯಾವ ಬಾಗಿಲಿನಿಂದಲೂ ಇರಲಿಲ್ಲ. ಅವನು ಹೋಗುವ ಮೊದಲು ಒಂದು ಮಾತು ಹೇಳಬೇಕು, ಅಷ್ಟೇ ಅವಳ ಕೈಯಲ್ಲಿದ್ದದ್ದು. ‘ಇರು’ ಎಂಬ ಮಾತು. ಆದರೆ ಹೋಗುವ ವಿಷಯವನ್ನೇ ಬಾಯಿಬಿಡದ ಮನುಷ್ಯನಿಗೆ ಇರು ಎಂದು ಹೇಗೆ ಹೇಳುವುದು?

ಮರುದಿನದಿಂದ ಅವಳು ಕಾದಂಬರಿಯನ್ನು ಎಳೆಯತೊಡಗಿದಳು. ಪುಸ್ತಕ ಮುಗಿಯುವವರೆಗೂ ಅವನು ಇರುತ್ತಾನೆ ಎಂದು ಅವಳ ಮನಸ್ಸಿಗೆ ಹೇಗೋ ಹೊಕ್ಕಿತ್ತು. ಕರೆಂಟು ಹೋಗಿ ಮೈಕು ಸತ್ತರೆ ಗಂಟಲಿನ ನೆಪ ಹೇಳಿ ಅರ್ಧಕ್ಕೇ ನಿಲ್ಲಿಸುವಳು. ನಿನ್ನೆ ಓದಿದ್ದನ್ನು ನೆನಪಿಸುತ್ತೇನೆ ಎಂದು ಅರ್ಧ ಗಂಟೆ ತಿನ್ನುವಳು. ಇಲ್ಲದ ಮಳೆ ಸುರಿಸಿದಳು, ಔಷಧಿ ಅಂಗಡಿಗೆ ಇಲ್ಲದ ಗಿರಾಕಿಗಳನ್ನು ತಂದಳು.

“ಆ ಮುದುಕನಿಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಮ್ಮ, ಸಾಕು!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಹಾಲ್ ನಕ್ಕಿತು. ಎವೇಲಿಯೊ ನಗಲಿಲ್ಲ. ಆ ಮುದುಕ ಪುಸ್ತಕದಲ್ಲಿಲ್ಲ ಎಂಬುದು ಅಲ್ಲಿ ಗೊತ್ತಿದ್ದದ್ದು ಅವನಿಗೊಬ್ಬನಿಗೇ.

ಹನ್ನೊಂದನೇ ಅಧ್ಯಾಯದಲ್ಲಿ ಬೆಯಾತ್ರಿಸ್ ಮೆಟ್ಟಿಲಿನ ಮೇಲೆ ಬಾಡಿಗೆದಾರನನ್ನು ಕಂಡು, ಶುಭರಾತ್ರಿ ಹೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇಡಾನಿಯಾ ಹಾಕಿಕೊಳ್ಳಲು ಬಿಡಲಿಲ್ಲ. ಕಣ್ಣು ಪುಟದ ಮೇಲೇ ಇತ್ತು, ಬಾಯಿ ತನ್ನ ದಾರಿ ಹಿಡಿಯಿತು.

“‘ಒಂದು ನಿಮಿಷ ನಿಲ್ಲಿ,’ ಎಂದಳು ಬೆಯಾತ್ರಿಸ್. ‘ನೀವು ದಿನವೂ ಏನಾದರೊಂದು ನೆಪ ತೆಗೆದು ನನ್ನೊಡನೆ ಜಗಳಕ್ಕೆ ಬರುತ್ತೀರಿ. ನೀವು ಬಾರದ ದಿನ ನನಗೆ ಊಟ ಸೇರುವುದಿಲ್ಲ. ನನ್ನ ವಯಸ್ಸಿನ ಹೆಂಗಸು ಹೀಗೆ ಹೇಳಬಾರದೇನೋ. ನೀವು ಕೊಟ್ಟ ಪುಸ್ತಕವನ್ನು ನಾನು ಮೊದಲು ಮೂಗಿಗೆ ಹಿಡಿಯುತ್ತೇನೆ. ನಿಮ್ಮ ಕೈಯ ಹೊಗೆಸೊಪ್ಪಿನ ವಾಸನೆ ಅದರಲ್ಲಿ ಉಳಿದಿರುತ್ತದೆ. ಅದು ಆರಿಹೋದೀತೆಂದು ಎಷ್ಟೋ ಹೊತ್ತು ಪುಟ ತಿರುಗಿಸುವುದೇ ಇಲ್ಲ...’”

“ತಾಳು, ತಾಳು,” ಎಂದಳು ಮಿಗ್ದಾಲಿಯಾ. “ಪಿಟೀಲು ರಿಪೇರಿ ಮಾಡೋನ ಕೈಗೆ ಹೊಗೆಸೊಪ್ಪಿನ ವಾಸನೆ ಎಲ್ಲಿಂದ ಬಂತೇ?”

ಇಬ್ಬರು ನಕ್ಕರು. ಮೂರನೆಯವನು ನಗಲು ಬಾಯಿ ತೆರೆದು ಸುಮ್ಮನಾದ. ಒಂದೊಂದಾಗಿ ತಲೆಗಳು ಮೂರನೇ ಸಾಲಿನ ಕಡೆ ತಿರುಗಿದವು. ಎಲೆ ಸುತ್ತುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದಂತೆ ಕೂತವರಿಗೆಲ್ಲ ಎಲ್ಲವೂ ಗೊತ್ತಾಗಿಹೋಯಿತು. ಇಡಾನಿಯಾ ನಾಲಿಗೆ ಕಚ್ಚಿಕೊಂಡಳು. ಕಿವಿಯವರೆಗೂ ಮುಖ ಉರಿಯಿತು.

ಎವೇಲಿಯೊ ತಲೆ ಎತ್ತಿದ. ಈ ಸಲ ಅವನ ನೋಟ ತುಟಿಗೂ ಇಳಿಯಲಿಲ್ಲ, ಪುಸ್ತಕಕ್ಕೂ ಇಳಿಯಲಿಲ್ಲ, ಅವಳ ಕಣ್ಣಲ್ಲೇ ನಿಂತಿತು. ಓದಿದ್ದು ಮೆಚ್ಚಿಗೆಯಾದರೆ ಅಲ್ಲಿಯವರು ಎಲೆ ಕತ್ತರಿಸುವ ಚಾಕುವಿನಿಂದ ಹಲಗೆ ತಟ್ಟುವುದು ವಾಡಿಕೆ, ಇಡೀ ಹಾಲ್ ಸೇರಿ ತಟ್ಟುತ್ತದೆ. ಅವನು ಚಾಕು ಎತ್ತಿ ಒಂದು ಸಲ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

“ಪುಸ್ತಕದಲ್ಲಿ ಹಾಗೇ ಇದೆ,” ಎಂದು ಇಡಾನಿಯಾ ಅಪ್ಪಟ ಸುಳ್ಳು ಹೇಳಿ ಮುಂದಿನ ಪುಟ ತಿರುಗಿಸಿದಳು.

ಮರುದಿನ ಊಟದ ಹೊತ್ತಿಗೆ ಅವನು ಕಟ್ಟೆಯ ಬಳಿ ಬರಲಿಲ್ಲ. ಹಾಲ್‌ನ ಹಿಂದೆ, ಎಲೆ ನೆನೆಸುವ ಕೋಣೆಯ ಮೆಟ್ಟಿಲಿನ ಮೇಲೆ ಕೂತಿದ್ದ. ಮಡಿಲಲ್ಲಿ ಬೇಯಿಸಿದ ಮರಗೆಣಸಿನ ಡಬ್ಬಿ ಮುಚ್ಚಿದಂತೇ ಇತ್ತು. ಅವಳು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತಳು.

“ಹನ್ನೊಂದನೇ ಅಧ್ಯಾಯದಲ್ಲಿ ಅವಳು ಬಾಗಿಲು ಹಾಕ್ಕೊಳ್ತಾಳೆ,” ಎಂದ ಅವನು.

“ಹೂಂ.”

“ಒಂದು ಮಾತೂ ಆಡಲ್ಲ.”

“ಅವಳಿಗೇನು, ಇನ್ನೂ ಅರವತ್ತು ಪುಟ ಇದೆ. ನನಗಿಲ್ಲ.”

ಅವನು ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತ. “ನಾಳೆ ಬೆಳಿಗ್ಗೆ ಹವಾನಾ ಬಸ್ಸು.”

ನಾಳೆ ಎಂದು ಅವಳು ಅಂದುಕೊಂಡಿರಲಿಲ್ಲ. ಇನ್ನೂ ಒಂದು ವಾರ, ಎರಡು ವಾರ ಎಂದುಕೊಂಡಿದ್ದಳು.

“ಮುಂಚೆ ಯಾಕೆ ಹೇಳಲಿಲ್ಲ? ಹೋಗೋ ವಿಷಯ ಅಲ್ಲ. ಇನ್ನೊಂದು.”

“ನಾನು ದಪ್ಪ ಪುಸ್ತಕದೋನು. ಇನ್ನೂ ಟೈಮಿದೆ ಅಂದ್ಕೊಂಡೆ.” ಅವನು ಡಬ್ಬಿಯನ್ನು ಪಕ್ಕಕ್ಕಿಟ್ಟ. “ಇಡಾನಿಯಾ, ಇರು ಅಂತ ಒಂದು ಮಾತು ಹೇಳು. ನೀನು ಹೇಳಿದ್ರೆ ನಾನು ಹೋಗಲ್ಲ.”

ನೀವು ಹೋಗಿ ನೀನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವನು ಸುಮ್ಮನೆ ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ ನಿಜವಾಗಿಯೂ ಇದ್ದುಬಿಡುತ್ತಾನೆ. ಎಷ್ಟು ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡ ಮಾತು ಅದು. ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆಡಿದರೆ ನಾಳೆಯೂ ಆ ಬೆಂಚಿನಲ್ಲಿ ಅವನಿರುತ್ತಾನೆ, ನಾಡಿದ್ದೂ ಇರುತ್ತಾನೆ. ಅಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗುರುತಿಲ್ಲದವರ ಮಂಚದಲ್ಲಿ ಮಲಗಿ ಅಪ್ಪ ಬರುತ್ತಾನೆ ಎಂದು ಕಾಯುತ್ತಿರುತ್ತಾಳೆ.

“ಮಗಳ ಜೊತೆ ಮಾತಾಡಿದೆಯಾ?” ಎಂದು ಕೇಳಿದಳು.

“ಭಾನುವಾರ. ಬರುವಾಗ ಏನು ತರಲಿ ಅಂದೆ. ಏನೂ ಬೇಡ, ನೀನು ಬಾ ಅಂದ್ಲು.”

“ಹಾಗಾದ್ರೆ ಹೋಗು.”

“ಇಡಾನಿಯಾ...”

“ಹೋಗು, ಎವೇಲಿಯೊ.”

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಮುಚ್ಚಿಕೊಂಡೇ, “ಕಾಯ್ತೀಯಾ?” ಎಂದ.

“ಇಲ್ಲ.”

“ಸುಳ್ಳು.”

“ಸುಳ್ಳೋ ನಿಜವೋ, ಇಲ್ಲ ಅಂದೆನಲ್ಲ. ಹಾಗಂತಲೇ ತಗೊಂಡು ಹೋಗು. ಒಂದು ಕಣ್ಣು ಈ ಕಡೆ ಇಟ್ಕೊಂಡು ಆ ಮಗೂನ ಬೆಳೆಸೋಕಾಗಲ್ಲ.”

ಅವನು ತಲೆಯಾಡಿಸಿದ. ಅವಳ ಕೈಯನ್ನು ತೆಗೆದುಕೊಂಡು, ಅಂಗೈ ಮೇಲೆ ಮಾಡಿ, ತನ್ನ ಮುಖಕ್ಕೆ ಒತ್ತಿಕೊಂಡ. ಒದ್ದೆಯಾಗಿತ್ತು. ಮೊದಲ ಸಲ ಮುಟ್ಟಿದ್ದು ಅದು.

“ಆ ಪುಸ್ತಕಕ್ಕೆ ಯಾಕೆ ಕೈ ಎತ್ತಿದೆ ಗೊತ್ತಾ?” ಎಂದ. “ಒಂದು ಕಥೆನಾದ್ರೂ ಶುರುವಿಂದ ಕೊನೇವರೆಗೆ ನಿನ್ನ ಬಾಯಲ್ಲಿ ಕೇಳ್ಕೊಂಡು ಹೋಗೋಣ ಅಂತ. ಲೆಕ್ಕ ಹಾಕಿದ್ದೆ, ಇವತ್ತಿಗೆ ಸರಿಯಾಗಿ ಮುಗೀತಿತ್ತು. ನೀನು ನೋಡಿದ್ರೆ ಎಲ್ಲೆಲ್ಲಿಂದಲೋ ಮುದುಕರನ್ನ ಕರ್ಕೊಂಡು ಬಂದು ಕೆಮ್ಮಿಸಿದೆ.”

ಅವನನ್ನು ಉಳಿಸಿಕೊಳ್ಳಲೆಂದು ಇಡಾನಿಯಾ ಕಥೆಯನ್ನು ಎಳೆದಿದ್ದಳು. ಅವನು ಬಯಸಿದ್ದ ಒಂದೇ ಒಂದನ್ನು ಅದೇ ಎಳೆತದಲ್ಲಿ ಕಳೆದಿದ್ದಳು.

“ಕೊನೆ ನಿನಗೆ ಗೊತ್ತೇ ಇದೆಯಲ್ಲ,” ಎಂದಳು, ಹೇಗೋ.

“ಓದಿದೀನಿ. ನಿನ್ನ ದನಿಯಲ್ಲಿ ಕೇಳಿಲ್ಲ.”

ಹಾಲ್ ಕೇಳುವ ಮೊದಲು ಯಾರೊಬ್ಬರಿಗಾಗಿಯೂ ಕಥೆಯನ್ನು ಮುಂದಕ್ಕೆ ಓದುವಂತಿಲ್ಲ, ಅದು ಅಲ್ಲಿನ ಕಟ್ಟಳೆ. ಆಪರೇಷನ್ನಿಗೆ ಹೋಗುವ ಮೊದಲು ಮಿಗ್ದಾಲಿಯಾ ಅತ್ತು ಬೇಡಿದರೂ ಅವಳು ಓದಿರಲಿಲ್ಲ. ಈಗ ಎದ್ದು ಹಾಲ್‌ಗೆ ಹೋದಳು, ಪುಸ್ತಕ ತಂದಳು, ಅವನ ಪಕ್ಕದಲ್ಲಿ ಕೂತು ಕೊನೆಯ ಅಧ್ಯಾಯ ತೆರೆದಳು. ಬೆಯಾತ್ರಿಸ್ ಔಷಧಿ ಅಂಗಡಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ, ಎರಡನೇ ಮಹಡಿಯ ಬಾಗಿಲು ತಾನೇ ತಟ್ಟುತ್ತಾಳೆ. ಬಾಡಿಗೆದಾರ ಬಾಗಿಲು ತೆರೆಯುತ್ತಾನೆ. ‘ಇಷ್ಟು ದಿನ ಎಲ್ಲಿದ್ದೆ?’ ಎನ್ನುತ್ತಾನೆ. ಅವಳು ಒಳಗೆ ಹೋಗುತ್ತಾಳೆ. ಇಡಾನಿಯಾ ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ. ದನಿ ನಡುಗಲಿಲ್ಲ. ಪಕ್ಕದಲ್ಲಿ ಅವನ ಭುಜವಿತ್ತು. ಊಟದ ಹೊತ್ತು ಮುಗಿದು ಒಳಗೆ ಹಲಗೆಗಳ ಸದ್ದು ಶುರುವಾದರೂ ಯಾರೂ ಅವರನ್ನು ಕರೆಯಲು ಬರಲಿಲ್ಲ.

ಮರುದಿನ ಬೆಂಚು ಖಾಲಿಯಿತ್ತು. ಯಾರೂ ಏನೂ ಕೇಳಲಿಲ್ಲ. ಮಿಗ್ದಾಲಿಯಾ ತನಗೆ ಸಿಕ್ಕಿದ್ದ ಸೀಬೆ ಹಲ್ವದ ತುಂಡನ್ನು ಕಟ್ಟೆಯ ಮೇಲಿಟ್ಟು ಹೋದಳು.

ಹಾಲ್‌ಗೆ ಕಥೆ ಇನ್ನೂ ಮುಗಿದಿರಲಿಲ್ಲ. ಅವಳು ದಿನಾ ಓದಿದಳು, ಪುಸ್ತಕದಲ್ಲಿದ್ದಷ್ಟನ್ನೇ. ಆ ವಾರದ ಕೊನೆಗೆ ಬೆಯಾತ್ರಿಸ್ ಮೆಟ್ಟಿಲು ಹತ್ತಿದಳು, ಬಾಗಿಲು ತಟ್ಟಿದಳು, ಬಾಡಿಗೆದಾರ ಬಾಗಿಲು ತೆರೆದ. ಅವನು ಕೇಳುವ ಮಾತು ಮುಂದಿನ ಸಾಲಿನಲ್ಲಿತ್ತು. ಇಡಾನಿಯಾಳ ದನಿ ಅಲ್ಲಿ ನಿಂತುಹೋಯಿತು. ಎಲ್ಲರೂ ಕೈ ನಿಲ್ಲಿಸಿ, ತಲೆ ತಗ್ಗಿಸಿ ಕಾದರು. ಅವಳು ಲೋಟ ಎತ್ತಿ ಒಂದು ಗುಟುಕು ನೀರು ಕುಡಿದಳು, ಕೆಳಗಿಟ್ಟಳು, ಆ ಸಾಲನ್ನು ಓದಿದಳು.