ಪೂಜೆಯಾಗದ ಗಾಡಿ

"ನಿಲ್ಲಸ್ರಿ!"

ಗಾಣಗಾಪುರದ ಗುಡಿ ಮುಂದೆ ತೆಂಗಿನಕಾಯಿ ಎತ್ತಿದ್ದ ಕೈ ಅಲ್ಲೇ ನಿಂತಿತು. ಸಿದ್ದರಾಮೇಶ ತಿರುಗಿ ನೋಡಿದ. ಎದುರಿಗೆ ಜಯಮಾಲಾ... ಅವನೊಂದಿಗೆ ನಿಶ್ಚಿತಾರ್ಥವಾದವಳು!

ಅವನ ಪಕ್ಕದಲ್ಲಿ ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು ಒಂದು ಹೊಸ ಬ್ಯಾಟರಿ ಆಟೋ. ಹೊರದೇಶದ್ದು.

ಜಯಮಾಲಾ ಊರಿನ ಆಟೋದವರಿಗೆ ತಮ್ಮ ಶೆಡ್ಡಿನ ಗಾಡಿ ತೋರಿಸಲು ಬಂದಿದ್ದಳು.

ಆಳಂದದಲ್ಲಿ ಅಪ್ಪ ಹಣಮಂತರಾಯರು ಕಟ್ಟಿದ ಶೆಡ್ಡು ಅವಳದು. ಅಲ್ಲಿ ಬ್ಯಾಟರಿ ಆಟೋ ತಯಾರಾಗುತ್ತಿದ್ದವು. ಈಗ ಬಾಗಿಲು ಹಾಕುವ ಹೊತ್ತು ಬಂದಿತ್ತು. ಪರದೇಶದ ಸರ್ಕಾರವೇ ದುಡ್ಡು ಸುರಿದು ಕಳಿಸುವ ಅಗ್ಗದ ಗಾಡಿಗಳ ಮುಂದೆ ಯಾರು ತಾನೇ ನಿಲ್ಲಬಲ್ಲರು? 'ಹೊರಗಿನ ಗಾಡಿಗೆ ಸುಂಕ ಹಾಕಿ' ಎಂಬ ಬ್ಯಾನರ್ ಹಿಡಿದು ಅವಳು ತಹಶೀಲ್ದಾರ್ ಕಚೇರಿ ಮುಂದೆ ನಿಂತಾಗ, ಇನ್ನೊಂದು ತುದಿ ಹಿಡಿದಿದ್ದವನು ಇವನೇ!

"ಅಫಜಲಪುರದಾಗ ನಮ್ಮ ಗಾಡಿ ಮಾರ್ತೇನಿ ಅಂದಿದ್ರಿ. ಇವನ್ನ ಮಾರಾಕತ್ತೀರೇನ್ರಿ? ಉಂಡ ಮನಿ ಜಂತಿ ಎಣಿಸಿದ್ರಲ್ಲ!"

"ಜಯಾ, ಒಂದು ಮಾತು ಕೇಳು..."

'ಇವನನ್ನೇ ನಂಬಿದ್ದೆನಲ್ಲ!' ಅವಳು ಉಂಗುರ ಕಳಚಿ ಆ ಆಟೋದ ಸೀಟಿನ ಮೇಲಿಟ್ಟಳು.

"ಮಾರಾಕ ಅಲ್ಲ... ಬಿಚ್ಚಾಕ ತಂದೇನಿ."

"ಏನಂದ್ರಿ?"

"ಸುಂಕ ಹಾಕಿದ್ರ ಇದು ತುಟ್ಟಿ ಆಗ್ತದ, ನಮ್ಮ ಗಾಡಿ ಚಲೋ ಆಗಂಗಿಲ್ಲ. ನಮ್ಮ ಬ್ಯಾಟರಿ ಮಧ್ಯಾಹ್ನಕ್ಕ ಯಾಕ ಬೀಳ್ತದ, ಇದರದು ಸಂಜಿತನ ಯಾಕ ತಡೀತದ... ಒಳಗ ನೋಡಬೇಕಲ್ಲ?"

"ಹಂಗಾರ ಈ ಹಾರ? ಈ ಕಾಯಿ?"

ಅವನು ತಲೆ ತಗ್ಗಿಸಿದ. "ಪೂಜಿ ಆಗಲಾರದ ಗಾಡಿಗೆ ಪಾನಾ ಹಚ್ಚಬಾರದು... ನಿಮ್ಮ ಶೆಡ್ಡಿನ ಪದ್ಧತಿ ಅಲ್ಲೇನು?"

ಅವನು ಶೆಡ್ಡಿಗೆ ಬಂದ ಮೊದಲ ದಿನ, ಕೈಯಿಂದ ನಟ್ಟು ಬಿಚ್ಚುವ ಪಾನಾ ಕಿತ್ತುಕೊಂಡು ಈ ಮಾತು ಹೇಳಿದ್ದವಳು ಜಯಮಾಲಾಳೇ!

ಆದರೂ ನೋವು ಇಳಿಯಲಿಲ್ಲ. "ನನಗ ಯಾಕ ಹೇಳಲಿಲ್ಲ?"

"ಹೊರಗಿನ ಗಾಡಿ ನಮ್ಮ ಹೊಸ್ತಿಲ ದಾಟಬಾರದು ಅಂತ ಆಣಿ ಹಾಕಿದ್ದಿ. ಹೆದರಿದೆ. ಮುಚ್ಚಿಟ್ಟಿದ್ದು ತಪ್ಪಾತು."

"ತಪ್ಪಲ್ರಿ, ಮೋಸ." ಅವಳ ಕಣ್ಣು ತುಂಬಿ ಬಂದವು. "ನನ್ನ ಬಿಟ್ಟು ಒಬ್ಬರೇ ಬಿಚ್ಚಾಕ ಹೊಂಟಿದ್ರಲ್ಲ..."

"ಹೌದು, ಮೋಸಾನ." ಅವನು ಸೀಟಿನ ಮೇಲಿದ್ದ ಉಂಗುರ ಎತ್ತಿಕೊಂಡ. "ಶೆಡ್ಡು ಮುಚ್ಚಿದ್ರ ನೀ ನಗೂದು ಮರೀತಿ ಅಂತ ಅಂಜಿಕಿ ಜಯಾ. ನೀ ನಗಲಾರದ ಮನ್ಯಾಗ ನಾ ಹೆಂಗ ಇರ್ಲಿ?"

ಅವನು ಉಂಗುರ ಚಾಚಿದ. ಅವಳು ಬೆರಳು ಕೊಡಲಿಲ್ಲ. ಅವನ ಕೈಯಲ್ಲಿದ್ದ ಕಾಯಿ ಕಸಿದು ಗಾಡಿಯ ಮುಂದೆ ತಾನೇ ಒಡೆದಳು. ಆಮೇಲೆ ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟಳು.

"ನಡೀರಿ ಶೆಡ್ಡಿಗೆ."

"ಉಂಗುರ...?"

"ಪಾನಾ ಹಿಡಿಯೂ ಮುಂದ ಬೆರಳಿಗಿ ಒತ್ತತದ. ಬಿಚ್ಚಿದ್ದು ಜೋಡಿಸೂತನ ನಿಮ್ಮ ಕಿಸೇದಾಗ ಇರ್ಲಿ."

"ಆಮ್ಯಾಲ?"

"ಆಮ್ಯಾಲ ನೀವ ತೊಡಸ್ರಿ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಸಲ ಮುಚ್ಚಿಡದ, ನನಗ ಹೇಳಿ!"